ಸೂರ್ಯಪ್ರಕಾಶರ ಮರಗಳು

ವಿಜಯವಾಡ, 11 ಫೆಬ್ರವರಿ 1989, ಶನಿವಾರ

ನನಗೆ ಬಂದ ಮೊದಲ ಬಹುಮಾನ ಮೋಸದ್ದು.

ಇಬ್ರಾಹಿಂಪಟ್ನಂ ಥರ್ಮಲ್ ವಿದ್ಯುತ್ ಸ್ಥಾವರದ ಕಾರ್ಮಿಕರ ಮನೆಗಳ ಡಿಸೈನ್ ಸ್ಪರ್ಧೆ. ಶೀಟಿನ ಮೇಲೆ ಹೆಸರಿಲ್ಲ, ಬರೀ ನಂಬರು. ಹೆಸರಿನ ಕವರು ತೀರ್ಪಾದ ಮೇಲೇ ತೆರೆಯಬೇಕು. ಇವತ್ತು ತೆರೆದರು. ಜಡ್ಜ್ ದುರ್ಗಾಪ್ರಸಾದ್ ನನ್ನ ಹೆಸರನ್ನು ಎರಡು ಸಲ ಓದಿಕೊಂಡರು. ಮೈಕ್ ಸರಿಸಿ, ನನ್ನ ಬಾಸ್, ಆರ್ಕಿಟೆಕ್ಟ್ ಸೂರ್ಯಪ್ರಕಾಶರತ್ತ ಬಗ್ಗಿದರು.

“ಏಮಯ್ಯಾ, ಮರ ನೋಡು, ಗೊತ್ತಾಗುತ್ತೆ ಅಂದಿದ್ದೆಯಲ್ಲ! ಇದು ನಿನ್ನ ಮರ ಅಲ್ಲವಾ?”

ಮುಂದಿನ ಸಾಲಿನಲ್ಲೇ ಇದ್ದೆ. ಕೇಳಿಸಿತು.

ಅವರ ಮರ ಅಲ್ಲ. ನಾಲ್ಕು ವರ್ಷದಿಂದ ಆಫೀಸಿನ ಎಲ್ಲ ಶೀಟಿನ ಮರಗಳೂ ನನ್ನ ಕೈಯವು — ಕೊಂಡಪಲ್ಲಿಯ ಬಣ್ಣದ ಆಟಿಕೆ ಮರಗಳ ಹಾಗೆ ದುಂಡಗೆ. ಕೆಳಗೆ ಅವರ ಸಹಿ. ಈ ಸಲ ರಜೆ ಹಾಕಿ ನನ್ನದೇ ಎಂಟ್ರಿ ಮಾಡಿದೆ. ಅವರದಕ್ಕೆ ಬೇರೆ ಯಾರೋ ಮರ ಬರೆದರು. ನನ್ನ ಕೈಗೆ ಬೇರೆ ಮರ ಬರುವುದಿಲ್ಲ...

ಮರ ನೋಡಿ, ಅವರದೆಂದುಕೊಂಡು ನನ್ನದನ್ನು ಗೆಲ್ಲಿಸಿದರು. ಪ್ಲಾನ್ ಯಾರೂ ನೋಡಲಿಲ್ಲ.

ವಿಶಾಖಪಟ್ನಂ, 13 ಫೆಬ್ರವರಿ

ಬಾಸ್ ಬಯ್ಯಲಿಲ್ಲ. ನಕ್ಕರು.

“ಏನಮ್ಮಾ ಸುಮಿತ್ರಾ, ನಮ್ಮ ಮರ ಕದ್ದು ಗೆದ್ದೆಯಾ?”

“ಮರ ನನ್ನದು ಸರ್.”

“ಸಂಬಳ ಯಾರದು?”

ಮನೆ ಕಟ್ಟುವ ಕರಾರಿಗೆ ಇಬ್ಬರ ಹೆಸರೂ ಹಾಕಬೇಕಂತೆ. “ಬೇಡವಾ? ಕಂಪ್ಲೇಂಟ್ ಕೊಡು. ಸ್ಪರ್ಧೆ ರದ್ದಾಗುತ್ತೆ. ಆಮೇಲೆ ಕೆಲಸ ಯಾರಿಗೆ ಹೋಗುತ್ತೆ, ಗೊತ್ತಲ್ಲ?”

ಗೊತ್ತು. ಅವರ ಪ್ಲಾನೂ ಗೊತ್ತು. ಅಡುಗೆಮನೆ ಕಿಟಕಿಗಳೆಲ್ಲ ಸ್ಥಾವರದ ಬೂದಿ ಹೊಂಡದ ಕಡೆಗೇ.

ಮನೆಯಲ್ಲಿ ಹೇಳಿದಾಗ ಅಪ್ಪ: “ಬ್ಯಾಂಕಿನಲ್ಲಿ ಮೂವತ್ತು ವರ್ಷ ನಾನು ಬಾಯಿ ಮುಚ್ಚಿಕೊಂಡಿರಲಿಲ್ವೇನೇ?”

ಕಾಲೇಜಿನ ದಿನಗಳಿಂದ ಇಟ್ಟುಕೊಂಡಿರುವ ಕರಪತ್ರವೊಂದರಲ್ಲಿ ನಾನೇ ಕೆಂಪು ಗೆರೆ ಎಳೆದಿದ್ದ ಸಾಲು: ಗುರಿಯಷ್ಟೇ ದಾರಿಯೂ ಶುದ್ಧವಾಗಿರಬೇಕು. ಬೂದಿಯ ಬಗ್ಗೆ ಅದರಲ್ಲಿ ಏನೂ ಇಲ್ಲ.

ಇಬ್ರಾಹಿಂಪಟ್ನಂ, 19 ಫೆಬ್ರವರಿ

ಗಂಗಾಭವಾನಿ ಅಕ್ಕನ ಗುಡಿಸಲು. ಗಂಡ ಬಾಯ್ಲರ್ ಸೆಕ್ಷನ್. ಪ್ಲಾನ್ ಮಾಡುವ ಮೊದಲು ಇವರನ್ನೇ ಕೇಳಿದ್ದೆ. ಈಗ ನಡೆದದ್ದೆಲ್ಲ ಹೇಳಿದೆ. ಅನ್ನದ ಪಾತ್ರೆಯ ಮುಚ್ಚಳದ ಬೂದಿ ಸೆರಗಿನಲ್ಲಿ ಒರೆಸುತ್ತಾ ಕೇಳಿದರು.

“ನಿನ್ನ ಮನೆಗಳ ಕಿಟಕಿ ಆ ಕಡೆ ಇಲ್ಲ ತಾನೇ?”

“ಇಲ್ಲ.”

“ಮತ್ತೆ ಮರದ ಜಗಳ ನಮಗ್ಯಾಕಮ್ಮಾ? ನಿನ್ನ ಮರ್ಯಾದೆಗೆ ನಾವು ಇನ್ನೂ ಹತ್ತು ವರ್ಷ ಬೂದಿ ತಿನ್ನಬೇಕಾ?”

“ಇವತ್ತು ಸುಮ್ಮನಿದ್ದರೆ, ನಾಳೆ ಇನ್ನೊಂದು ಕಾಲೊನಿಗೆ ಇದೇ ದುರ್ಗಾಪ್ರಸಾದರೇ ಜಡ್ಜು, ಅಕ್ಕಾ.”

“ನಾಳೆಯದು ನಾಳೆಯವರು ನೋಡ್ತಾರೆ.”

ಒಳಗೆ ಮಗು ಕೆಮ್ಮುತ್ತಿತ್ತು. ನಿಲ್ಲಲೇ ಇಲ್ಲ.

ವಿಶಾಖಪಟ್ನಂ, 21 ಫೆಬ್ರವರಿ

ಕಂಪ್ಲೇಂಟ್ ಬರೆದು ಚೀಲದಲ್ಲಿಟ್ಟೆ. ತೆಗೆದೆ. ಮತ್ತೆ ಇಟ್ಟೆ.

ದುರ್ಗಾಪ್ರಸಾದರ ಫೋನ್. “ಸೈನ್ ಮಾಡೋಕೆ ಇಬ್ಬರೂ ಬನ್ನಿ ಅಮ್ಮಾ.” ಗಂಗಾಭವಾನಿ ಅಕ್ಕ ಹೇಳಿಕಳಿಸಿದ್ದಾರೆ: ಅವರೂ ಬರುತ್ತಾರಂತೆ, ಮಗುವನ್ನೂ ಎತ್ತಿಕೊಂಡು, ಆಫೀಸಿನ ಗೇಟಿನ ಹತ್ತಿರ ಕಾಯುತ್ತಾರಂತೆ.

ಸೈನ್ ಮಾಡುವುದು ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ವಿಜಯವಾಡದಲ್ಲಿ. ಕಂಪ್ಲೇಂಟ್ ಇನ್ನೂ ಚೀಲದಲ್ಲೇ ಇದೆ.