ಯಾರಿಗೂ ಬೇಡದ ಹೆಸರು

ಹೈಫಾ, ಬಂದರಿನ ಮೇಲಿನ ಓಣಿ
ಮಂಗಳವಾರ, 12 ಮಾರ್ಚ್ 1957

ಪ್ರೀತಿಯ ವಿದಾಲ್ ಅಣ್ಣಾ,

ಸಪ್ತ ಸಮುದ್ರಗಳ ಒಡೆಯ, ಎಂಜಿನ್ ಕೋಣೆಯ ಎಣ್ಣೆಬುಡ್ಡಿಯ ಏಕಚ್ಛತ್ರಾಧಿಪತಿಯ ದಿವ್ಯ ಸನ್ನಿಧಾನಕ್ಕೆ ಎಂದು ಬರೆದು ಆ ಹಾಳೆಯನ್ನು ಹರಿದುಹಾಕಿದೆ. ಕೈಗೆ ಅದೇ ರೂಢಿ, ಏನು ಮಾಡಲಿ. ಮೈ ಹೇಗಿದೆ? ಕೆಮ್ಮು ಹೋಯಿತೆ? ಎಂಜಿನ್ ಕೋಣೆಯ ಕಾವಿನಿಂದ ನೇರವಾಗಿ ಮೇಲೆ ಹೋಗಿ ಗಾಳಿಗೆ ಎದೆಯೊಡ್ಡಿ ನಿಲ್ಲಬೇಡವೆಂದು ಅಮ್ಮ ಹೇಳಿಸಿದ್ದಾಳೆ. ಅಮ್ಮನ ಮಂಡಿನೋವು ಹಾಗೇ ಇದೆ. ಅಪ್ಪ ಎಂದಿನಂತೆ ಬೆಳಿಗ್ಗೆ ಬಂದರಿಗೆ ಹೋಗುತ್ತಾರೆ, ಮೂಟೆ ಹೊರುತ್ತಾರೆ, ಸಂಜೆ ಬಂದು ಮಾತಾಡದೆ ಸೂಪು ಕುಡಿಯುತ್ತಾರೆ. ಅತ್ತಿಗೆಯ ಜ್ವರ ಇಳಿದಿದೆ. ಇವೆಲ್ಲ ಆರೋಗ್ಯದ ವಿಚಾರ. ಇನ್ನು ಸುದ್ದಿ.

ಅಪ್ಪ ಕಳಿಸಿದ ತಂತಿ ನಿನಗೆ ಸಿಕ್ಕಿರಬೇಕು. ತಂತಿಯಲ್ಲಿ ಹಿಡಿಸಿದ್ದು ನಾಲ್ಕೇ ಮಾತು, ಹಿಡಿಸದೆ ಉಳಿದದ್ದನ್ನು ಬರೆಯುತ್ತೇನೆ. ನಿನ್ನ ಮಗ ಹುಟ್ಟಿದ್ದು ಫೆಬ್ರವರಿ ಇಪ್ಪತ್ತಾರು, ಮಂಗಳವಾರ, ದಿನ ತುಂಬಲು ಐದು ವಾರ ಇರುವಾಗ. ಕೂದಲು ನಿನ್ನದೇ, ಕಿವಿಯ ಮೇಲೂ ಇಳಿದಿತ್ತು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಆರನೆಯ ದಿನ, ಭಾನುವಾರ, ಉಸಿರು ನಿಂತಿತು. ಯಾರ ತಪ್ಪೂ ಅಲ್ಲವಂತೆ. ಸೋಮವಾರ ಮಣ್ಣು ಮಾಡಿದೆವು. ಮಾರನೆಯ ದಿನ, ಎಂಟನೆಯ ದಿನದ ಸುನ್ನತಿ ನಡೆದು ಅವನಿಗೆ ಹೆಸರಿಡಬೇಕಾಗಿತ್ತು. ಅಮ್ಮ ಮಾಡಿಟ್ಟಿದ್ದ ಬಾದಾಮಿ ಮಿಠಾಯಿಯ ತಟ್ಟೆ ಇನ್ನೂ ಕಪಾಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ಕೂತಿದೆ. ತಿನ್ನುವ ಧೈರ್ಯ ಯಾರಿಗೂ ಇಲ್ಲ, ಬಿಸಾಡುವ ಧೈರ್ಯವೂ ಇಲ್ಲ.

ಆದರೆ ಅವನಿಗೆ ಹೆಸರಿದೆ, ಅಣ್ಣಾ. ಗುಂಡಿಯ ಬದಿಯಲ್ಲಿ ಇಟ್ಟರು. ಆರಿಸಿದವನು ನಾನು. ಅದು ಅತ್ತಿಗೆಗೆ ಗೊತ್ತಿಲ್ಲ, ಹೇಳಕೂಡದೆಂದು ನನಗೆ ಅಪ್ಪಣೆಯಾಗಿದೆ. ತಂದೆಗೆ ಮಾತ್ರ ಹೇಳಬಹುದಂತೆ. ಆಮೇಲೆ ತಾಯಿಗೆ ಹೇಳುವುದೋ ಬಿಡುವುದೋ ತಂದೆಯ ಇಷ್ಟ. ಹೇಳಲು ನೀನು ಒಪ್ಪಿಗೆ ಕೊಡು, ಅದಕ್ಕೇ ಈ ಕಾಗದ.

ನಡೆದದ್ದು ಹೀಗೆ. ಹೆಣ ಹೂಳುವ ಯೆಹೂದಿ ಸಂಘದ ಮುದುಕ ಮೆನಾಶೆ ಸೋಮವಾರ ಬೆಳಿಗ್ಗೆ ಮನೆಗೆ ಬಂದ. ಗೊತ್ತಲ್ಲ, ಪೂರಿಮ್ ಹಬ್ಬದ ಕಿತಾಪತಿಯಲ್ಲಿ ನಾನು ಅವನ ಗಡ್ಡಕ್ಕೆ ಹಿಟ್ಟು ಎರಚಿದ್ದೆನಲ್ಲ, ಅವನೇ. ಅಪ್ಪ ಅಮ್ಮ ಬರಕೂಡದು, ಮೂವತ್ತು ದಿನ ತುಂಬದ ಮಗುವಿಗೆ ಸೂತಕವಿಲ್ಲ, ಅಳುವವರು ಬೇಡ, ಯಾರಾದರೂ ಒಬ್ಬ ಗಂಡಸು ಸಾಕು ಎಂದ. ಅಪ್ಪ ನನ್ನ ಕಡೆ ಕೈ ತೋರಿಸಿದರು. "ಇವನಿಗೆ ಹೆಸರುಗಳು ಗೊತ್ತು" ಎಂದರು, ಅಷ್ಟೇ. ಶಾಲೆಯ ಪಂದ್ಯದಲ್ಲಿ ಧರ್ಮಗ್ರಂಥದ ಪೂರ್ವಕಾಲವೃತ್ತಾಂತ ಭಾಗದ ವಂಶಾವಳಿಗಳನ್ನು ಉಸಿರು ಬಿಡದೆ ಒಪ್ಪಿಸಿ ನಾನು ಬಹುಮಾನ ಗೆದ್ದದ್ದನ್ನೂ, ಆ ವಿದ್ಯೆಯನ್ನೆಲ್ಲ ಓಣಿಯವರಿಗೆ ಅಡ್ಡಹೆಸರಿಡಲು ಖರ್ಚುಮಾಡಿದ್ದನ್ನೂ ಅವರು ಮರೆತಿರಲಿಲ್ಲ. ಮನೆಯೊಡತಿಗೆ ಹಜ್ಜೆಲೆಲ್‌ಪೋನಿ ಎಂದು ಪಟ್ಟಾಭಿಷೇಕ ಮಾಡಿದವನು ನಾನೇ ತಾನೆ.

ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಮಗುವನ್ನು ಸುತ್ತಿದ್ದ ಬಿಳಿ ಬಟ್ಟೆ ನನ್ನ ಒಂದು ಮೊಳಕ್ಕಿಂತ ಉದ್ದವಿರಲಿಲ್ಲ. ಮೆನಾಶೆ ವಿಧಿಯ ಪ್ರಕಾರ ಸುನ್ನತಿ ಮಾಡಿದ, ಆಶೀರ್ವಚನ ಹೇಳಲಿಲ್ಲ. ಹೆಸರಿಲ್ಲದೆ ಹೋದರೆ ಸತ್ತವರೆಲ್ಲ ಏಳುವ ದಿನ ಇವನನ್ನು ಯಾರು ಹೇಗೆ ಕರೆಯಬೇಕು, ಅದಕ್ಕಾಗಿ ಇದೆಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಏನಂತ ಕೂಗ್ಲೋ ಮಗಾ? ತಾತನ ಹೆಸರು ಬೇಡ, ಅದು ಮುಂದಿನವನಿಗೆ ಇರ್ಲಿ. ನಿಮ್ಮನೇಲಿ ಯಾರಿಗೂ ಬೇಡದ ಹೆಸರು ಒಂದು ಹೇಳು" ಎಂದ.

ಯಾರಿಗೂ ಬೇಡದ ಹೆಸರು! ನಮ್ಮ ಮನೆಯಲ್ಲಿ ಅಂಥದ್ದು ಎಲ್ಲಿದೆ? ಮೊದಲ ಮೊಮ್ಮಗನ ಬಾಯಲ್ಲಿ ಮಟಾತ್ಯಾ ಎಂಬ ತಮ್ಮ ಹೆಸರು ಬದುಕಬೇಕೆಂದು ಅಪ್ಪ ನಿನ್ನ ಮದುವೆಯ ದಿನದಿಂದ ಕಾಯುತ್ತಿದ್ದಾರೆ. ಅವರ ಹಿಂದೆ ನಮ್ಮ ಹಳೆಯ ಊರು ಸಲೋನಿಕಾದಲ್ಲೇ ಉಳಿದು, ಜರ್ಮನರು ರೈಲು ಹತ್ತಿಸಿಕೊಂಡು ಹೋದ ಮೇಲೆ ಮರಳದ ಚಿಕ್ಕಪ್ಪಂದಿರು, ಮಾವಂದಿರು, ಅವರ ಹುಡುಗರು. ಒಬ್ಬೊಬ್ಬರ ಹೆಸರೂ ಯಾವುದಾದರೂ ಕೂಸು ಎತ್ತಿಕೊಳ್ಳಲಿ ಎಂದು ಸಾಲಿನಲ್ಲಿ ನಿಂತಿದೆ. ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ, ಮಕ್ಕಳಿಗೆ ಬರ. ದಾನಿಯೇಲ್ ಎನ್ನೋಣವೆಂದರೆ ಅದು ಸೋದರಮಾವನದು. ನಫ್ತಾಲಿ ಅಮ್ಮನ ಕೊನೆಯ ತಮ್ಮನದು, ಹನ್ನೊಂದು ವರ್ಷದವನಂತೆ. ಒಂದೊಂದನ್ನೂ ನಾಲಿಗೆಯ ತುದಿಗೆ ತಂದು ವಾಪಸು ನುಂಗಿದೆ. ಆಮೇಲೆ ವಂಶಾವಳಿಯ ಆ ಸಾಲು ತಾನಾಗಿ ಬಂತು. ಯೂಶವ್ ಹೆಸೆದ್ ಎಂದೆ.

"ಅದೂ ಒಂದು ಹೆಸ್ರೇನೋ? ಹಿಟ್ಟೆರಚೋದು ಇಲ್ಲೂ ಬಿಡ್ಲಿಲ್ವಾ?" ಎಂದು ಮೆನಾಶೆ ಗದರಿದ. ತಮಾಷೆಯಲ್ಲ ಎಂದು ತೋರಿಸಲು ಪೂರ್ತಿ ಸಾಲು ಹೇಳಿದೆ. ನಿನಗೂ ಹೇಳುತ್ತೇನೆ, ಅವನ ತಂದೆಯಾದ ನಿನಗೆ ತಿಳಿದಿರಬೇಕು. ಬಾಬಿಲೋನಿನ ಸೆರೆಯಿಂದ ಜನರನ್ನು ಮರಳಿ ಕರೆತಂದ ಜೆರುಬ್ಬಾಬೆಲನ ಮಕ್ಕಳ ಪಟ್ಟಿಯಲ್ಲಿ ಕಟ್ಟಕಡೆಯವನು ಯೂಶವ್ ಹೆಸೆದ್. 'ದಯೆ ಮರಳಿ ಬರುತ್ತದೆ' ಎಂದು ಅರ್ಥ. ಅವನ ಹೆಸರಾದ ಮೇಲೆ 'ಐದು ಮಂದಿ' ಎಂದಿದೆ. ಮುಗಿಯಿತು. ಅವನು ರಾಜನಾದನೆ, ಕುರಿ ಕಾದನೆ, ಮದುವೆಯಾದನೆ, ಎಷ್ಟು ವರ್ಷ ಬದುಕಿದ, ಒಂದಕ್ಷರವಿಲ್ಲ. ಇಡೀ ಧರ್ಮಗ್ರಂಥದಲ್ಲಿ ಮತ್ತೆಲ್ಲೂ ಅವನ ಸುಳಿವಿಲ್ಲ. ಅವನ ನಂತರ ಆ ಹೆಸರಿನವನೊಬ್ಬನನ್ನೂ ನಾನು ಕಂಡಿಲ್ಲ, ಕೇಳಿಲ್ಲ. ಕಾರಣ ಹೇಳದೆ ವಿಚಾರಿಸಿದರೆ, ಸಲೋನಿಕಾದ ಸ್ಮಶಾನದ ಕಲ್ಲುಗಳನ್ನು ಓದುತ್ತಾ ಬೆಳೆದ ಅಪ್ಪನೂ ಕೇಳಿಲ್ಲವೆಂದರು. ಹುಟ್ಟಿದ್ದ ಎನ್ನುವುದೊಂದನ್ನು ಬಿಟ್ಟರೆ ಹೇಳಲು ಏನೂ ಇಲ್ಲದವನ ಹೆಸರು, ಅಣ್ಣಾ. ನಮ್ಮವನಿಗೆ ಅಳತೆ ಸರಿಹೋಯಿತು.

ಮೆನಾಶೆ ಗಡ್ಡ ಸವರಿಕೊಂಡ. "ನಾವು ಮಾಡೋ ಈ ಕೆಲ್ಸಕ್ಕೆ ನಿಜವಾದ ದಯೆ ಅಂತಾರೆ. ಯಾಕೆ ಗೊತ್ತೇನೋ? ಸತ್ತೋರು ಅದನ್ನ ಯಾವತ್ತೂ ತಿರುಗಿಸಿ ಕೊಡಲ್ಲ ಅಂತ. ನೀನು ನೋಡಿದ್ರೆ ಗುಂಡಿ ಬಾಯಲ್ಲಿ ನಿಂತು ಮರಳಿ ಬರುತ್ತೆ ಅಂತೀಯ. ಯಾರಿಗೆ ಕಣೋ ಸವಾಲು, ದೇವರಿಗಾ?" ಎಂದ. ಅವನು ಗುಂಡಿಯ ಕಡೆ ಬಾಗಿ, ವಿದಾಲನ ಮಗ ಯೂಶವ್ ಹೆಸೆದ್ ಎಂದು ಒಂದು ಸಲ ಕೂಗಿದ. ಒಂದೇ ಸಲ. ಮಣ್ಣು ಎಳೆದ ಮೇಲೆ ನನ್ನ ತೋಳು ಹಿಡಿದು, "ತಾಯಿಗೆ ಜಾಗ ಹೇಳ್ಬೇಡ, ಹೆಸರೂ ಹೇಳ್ಬೇಡ. ಹೇಳಿದ್ರೆ ದಿನಾ ಬಂದು ಇಲ್ಲೇ ಕೂತ್ಕೋತಾಳೆ, ಮುಂದಿನದು ಹೊಟ್ಟೇಲಿ ನಿಲ್ಲಲ್ಲ. ನಲವತ್ತು ವರ್ಷದಿಂದ ನೋಡ್ತಿದೀನಿ ಕಣೋ" ಎಂದ. ಅವನು ಕೆಟ್ಟವನಲ್ಲ. ಹೋಗುವಾಗ ಅವನ ಕಣ್ಣು ಒದ್ದೆಯಾಗಿತ್ತು, ಗಾಳಿಗೂ ಇರಬಹುದು.

ಮನೆಗೆ ಬಂದರೆ ಯಾರೂ ನೆಲದ ಮೇಲೆ ಕೂತಿರಲಿಲ್ಲ, ಬಾಗಿಲು ತೆರೆದಿಟ್ಟಿರಲಿಲ್ಲ, ನೆರೆಯವರು ಮೊಟ್ಟೆ ಬೇಯಿಸಿ ತಂದಿರಲಿಲ್ಲ. ಸೂತಕವೇ ಇಲ್ಲವಲ್ಲ. ಅತ್ತಿಗೆಗೆ ಆವತ್ತೇ ಹಾಲು ಇಳಿಯಿತು. ಹಾಲು ಬತ್ತಲೆಂದು ಅಮ್ಮ ಎಲೆಕೋಸಿನ ಎಲೆ ಇಟ್ಟು ಎದೆಗೆ ಬಟ್ಟೆ ಬಿಗಿದಳು, ಬಿಗಿಯುತ್ತಾ ಗೋಡೆ ನೋಡುತ್ತಿದ್ದಳು. ಮಂಗಳವಾರ ಮಧ್ಯಾಹ್ನ, ಮಗ ಹುಟ್ಟಿದ ತಂತಿ ಕಂಡು, ಸಾವಿನ ಸುದ್ದಿ ತಿಳಿಯುವ ಮೊದಲು ನೀನು ಕಳಿಸಿದ್ದ ತಂತಿ ಬಂತು: ಮಟಾತ್ಯಾ ಎಂದೇ ಹೆಸರಿಡಿ, ಅಪ್ಪನಿಗೆ ಅಭಿನಂದನೆ. ಅಪ್ಪ ಅದನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೋದರು.

ಗುರುವಾರ ಅತ್ತಿಗೆ ನನ್ನನ್ನು ಹತ್ತಿರ ಕರೆದರು. "ಪೆಪೊ, ಓಣಿಗೆಲ್ಲ ಹೆಸರಿಡೋನು ನೀನು. ನನ್ನ ಮಗನಿಗೆ ಏನು ಇಟ್ಟೆ ಹೇಳು" ಎಂದರು. ನಾನು ಏನು ಮಾಡಿದೆ ಗೊತ್ತೆ? ಹೇಳಕೂಡದು ಎಂಬ ಗಾಬರಿಗೆ ಬಾಯಿಂದ ಹಳೆಯ ತಮಾಷೆಯೇ ಜಾರಿತು. ಗ್ರಂಥದಲ್ಲೇ ಅತಿ ಉದ್ದದ ಹೆಸರು, ಮಹೇರ್ ಶಾಲಾಲ್ ಹಾಶ್ ಬಾಜ್. ಊಟಕ್ಕೆ ಕರೆದು ಮುಗಿಸುವಷ್ಟರಲ್ಲಿ ಅನ್ನ ಆರಿಹೋಗುತ್ತದೆ ಎಂದು ನೀನು ಹಡಗು ಹತ್ತುವ ದಿನ ನಾನು ಅಂದಾಗ, ಅತ್ತಿಗೆ ಬಸಿರ ಹೊಟ್ಟೆ ಹಿಡಿದು ನಕ್ಕು ಚಪ್ಪಲಿ ಎಸೆದಿದ್ದರು, ನೆನಪಿದೆಯೆ. ಈ ಸಲ ನಗಲಿಲ್ಲ. ಬೈಯಲೂ ಇಲ್ಲ. "ಇನ್ನೊಂದ್ಸಲ ಹೇಳು" ಎಂದರು. ತುಟಿ ಅಲ್ಲಾಡಿಸಿ ತುಂಡು ತುಂಡಾಗಿ ಹೇಳಿಕೊಂಡರು. "ಉದ್ದ ಇದೆ. ಪರ್ವಾಗಿಲ್ಲ, ಕಲೀತೀನಿ" ಎಂದರು.

ಅಣ್ಣಾ, ನಾನು ಆಗ ಸತ್ತೇಹೋಗಬೇಕಿತ್ತು. ಅಲ್ಲ ಅತ್ತಿಗೆ, ಸುಳ್ಳು ಹೇಳಿದೆ, ಅದಲ್ಲ ಎಂದೆ. ಹಾಗಾದರೆ ಯಾವುದು ಎಂದರು. ಹೇಳಲಾರೆ ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದವರು ಅವತ್ತಿನಿಂದ ನನ್ನೊಂದಿಗೆ ಮಾತಾಡಿಲ್ಲ. ಅಮ್ಮನ ಜೊತೆಗೂ ಬೇಕು, ಬೇಡ, ಅಷ್ಟೇ. ಐದು ದಿನಕ್ಕೆ ಪೂರಿಮ್. ಓಣಿಯ ಹುಡುಗರು ಈ ವರ್ಷ ಏನು ಕಿತಾಪತಿ ಗುರುವೇ ಎಂದು ಕೇಳುತ್ತಿದ್ದಾರೆ. ಅವರನ್ನು ಕಂಡರೆ ಅಡ್ಡದಾರಿ ಹಿಡಿಯುತ್ತೇನೆ.

ಈ ಕಾಗದವನ್ನು ಮಾರ್ಸೇಯಿನ ಹಡಗು ಕಚೇರಿಗೆ ಕಳಿಸುತ್ತಿದ್ದೇನೆ. ಇಪ್ಪತ್ತನೆಯ ತಾರೀಕು ನೀವು ಅಲ್ಲಿ ಲಂಗರು ಹಾಕುತ್ತೀರಂತೆ. ಸಿಕ್ಕ ತಕ್ಷಣ ಒಂದು ತಂತಿ ಕೊಡು. 'ಹೇಳು' ಎಂದಿದ್ದರೆ ಸಾಕು. ಬೇಡ ಎಂದರೂ ಸರಿ, ಆದರೆ ಆಗ ನೀನೇ ಬಂದು ಅವರ ಮುಖ ನೋಡಿಕೊಂಡು ಸುಮ್ಮನಿರಬೇಕು. ನನ್ನಿಂದ ಆಗುತ್ತಿಲ್ಲ.

ಅಪ್ಪನ ಆಶೀರ್ವಾದ, ಬಾಯಿಬಿಟ್ಟು ಹೇಳಲಿಲ್ಲ, ತಲೆಯಾಡಿಸಿದರು. ಅಮ್ಮ ನಿನ್ನ ಎರಡು ಕಣ್ಣಿಗೂ ಮುತ್ತು ಕೊಟ್ಟಿದ್ದಾಳೆ. ದೇವರು ನಿನ್ನನ್ನು ನೀರಿನ ಮೇಲೆ ಕಾಯಲಿ.

ನಿನ್ನ ತಮ್ಮ,
ಪೆಪೊ

ಲಕೋಟೆ ಅಂಟಿಸುವ ಮೊದಲು: ನಿನ್ನ ಅಪ್ಪಣೆಗೆ ಕಾಯಲಾಗಲಿಲ್ಲ, ಕ್ಷಮಿಸು. ಈಗ ತಾನೆ ಹೇಳಿಬಿಟ್ಟೆ. ಅತ್ತಿಗೆ ಎದ್ದು ಕೂತು, ಮಗುವನ್ನು ಬೀದಿಯಿಂದ ಕರೆಯುವ ಹಾಗೆ ಆ ಹೆಸರನ್ನು ಒಂದು ಸಲ ಗಟ್ಟಿಯಾಗಿ ಕೂಗಿದರು. ಅರ್ಥ ಕೇಳಿದರು. ದಯೆ ಮರಳಿ ಬರುತ್ತದೆ ಎಂದೆ. "ಎಲ್ಲಿಂದ, ಪೆಪೊ?" ಎಂದರು. ಈಗ ತಲೆಗೆ ಬಟ್ಟೆ ಕಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಜಾಗ ತೋರಿಸು ಎಂದು. ಅಲ್ಲಿ ಗುರುತಿಗೆ ಕಲ್ಲು ಇಟ್ಟಿಲ್ಲ ಅಣ್ಣಾ. ನಾಲ್ಕು ದಿನ ಮಳೆ ಹೊಡೆದಿದೆ, ಆ ಸಾಲಿನಲ್ಲಿ ಅಂಥ ಪುಟ್ಟ ದಿಬ್ಬಗಳು ಏಳೋ ಎಂಟೋ ಇವೆ. ಯಾವುದೆಂದು ನನಗೇ ಗೊತ್ತಿಲ್ಲ. ಒಂದನ್ನು ತೋರಿಸುತ್ತೇನೆ. ನೀನು ಬಂದಾಗಲೂ ಅದನ್ನೇ ತೋರಿಸುತ್ತೇನೆ, ನೀನು ಏನೂ ಕೇಳಬೇಡ.