ಮುಖಕ್ಕೆ ಮುಖ ಅಂಟಿದ ಚಿತ್ರಗಳು

ಸೋಮವಾರ, ಮಧ್ಯಾಹ್ನ
ವಸ್ತುಸಂಗ್ರಹಾಲಯದ ಉಗ್ರಾಣ

ಸಿಟ್ಟಿನ ಮಗಳಿಗೆ, ಅವಳಿಗಿಂತ ಸಿಟ್ಟಿನ ಅಮ್ಮನ ಆಶೀರ್ವಾದ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಪತ್ರ. ನಮ್ಮ ವ್ಯಾನಿನ ಚಾಲಕ ನಿನ್ನ ಕಾರ್ಯಾಗಾರಕ್ಕೆ ರಿಪೇರಿಗೆಂದು ಯಾವುದೋ ಚಿತ್ರ ತರುತ್ತಿದ್ದಾನೆ, ಇದನ್ನು ಅವನ ಕೈಲೇ ಕೊಟ್ಟಿದ್ದೇನೆ. ಹರಿದು ಎಸೆಯುವ ಮೊದಲು ಒಮ್ಮೆ ಓದು.

ಇಲ್ಲಿ ಹೊಸ ಏರ್ಪಾಡು ಬಂದಿದೆ. ಉಗ್ರಾಣದ ಗೋಡೆ ಒಡೆದು ಗಾಜು ಹಾಕಿದ್ದಾರೆ. ಇಷ್ಟು ವರ್ಷ ಕತ್ತಲಲ್ಲಿದ್ದ ಚಿತ್ರಗಳನ್ನು ಜನ ಹೊರಗಿನಿಂದಲೇ ನೋಡಬಹುದು. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಪಟ್ಟಿ ನೋಡಿ ಸಂಖ್ಯೆ ಬರೆದುಕೊಟ್ಟರೆ, ಆ ಚಿತ್ರವನ್ನು ಮೇಜಿನ ಮೇಲಿಟ್ಟು ಅವರನ್ನು ಪಕ್ಕದಲ್ಲಿ ಕೂರಿಸಬೇಕು. ನಿರ್ದೇಶಕರಿಗೆ ಹಿಗ್ಗೋ ಹಿಗ್ಗು. ನನಗೆ ತುತ್ತು ಇಳಿಯುತ್ತಿಲ್ಲ.

ಗುರುವಾರಕ್ಕೆ ಒಬ್ಬ ಅಜ್ಜಿ ೪೧೨ ಕೇಳಿದ್ದಾರೆ. ಆಕೆಯ ತಮ್ಮ ಇಪ್ಪತ್ತೆರಡಕ್ಕೇ ತೀರಿಕೊಂಡನಂತೆ. ಅದಕ್ಕೆ ಮುಂಚೆ ಅಕ್ಕನನ್ನು ಎದುರು ಕೂರಿಸಿಕೊಂಡು ಬರೆದ ಚಿತ್ರ. ಅವನು ಬಿಟ್ಟುಹೋದದ್ದು ಅದೊಂದೇ.

ಈಗ ಕೇಳು. ಚಾವಣಿ ಸೋರಿದ ವರ್ಷ, ಗಡಿಬಿಡಿಯಲ್ಲಿ, ನಾನು ೪೧೨ ಮತ್ತು ೪೧೩ನ್ನು ಮುಖಕ್ಕೆ ಮುಖ ಕೊಟ್ಟು ನಿಲ್ಲಿಸಿದೆ. ನಡುವೆ ತೆಳುಕಾಗದ ಇಡುವುದನ್ನು ಮರೆತೆ. ಈ ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ ಅದು. ತೇವಕ್ಕೆ ಬಣ್ಣ ಬಣ್ಣಕ್ಕೆ ಅಂಟಿಕೊಂಡಿತು. ಒಂದನ್ನು ಎಳೆದರೆ ಇನ್ನೊಂದರ ಮುಖ ಕಿತ್ತು ಬರುತ್ತದೆ. ಯಾರು ನೋಡುತ್ತಾರೆ ಎಂದು ಬಟ್ಟೆ ಸುತ್ತಿಟ್ಟೆ. ಪ್ರತಿ ವರ್ಷದ ತಪಾಸಣೆಯಲ್ಲೂ ‘ಸುಸ್ಥಿತಿ’ ಎಂದು ಬರೆದೆ.

ನಾಲ್ಕು ವರ್ಷದ ಹಿಂದೆ ನೀನು ಓದು ಮುಗಿಸಿ ಬಂದವಳು, ಒಂದ್ಸಲ ಉಗ್ರಾಣ ನೋಡ್ಲಾ ಅಮ್ಮ ಎಂದೆ. ನಿನ್ನೆ ಮೊನ್ನೆ ಕಣ್ಬಿಟ್ಟೋಳು ನಂಗೇ ಪಾಠ ಹೇಳ್ತೀಯಾ ಎಂದು ನಾನು ಎಲ್ಲರೆದುರು ನಿನ್ನನ್ನು ಬಾಗಿಲಲ್ಲೇ ತಡೆದೆ. ನಿನ್ನ ವಿದ್ಯೆ ಕಡಿಮೆಯೆಂದಲ್ಲ ಮಗಳೇ, ಹೆದರಿಕೆಯಿಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಆ ಪೈಕಿ ನಾನು.

ಅಂಟಿದ ಬಣ್ಣ ಬಿಡಿಸಬಲ್ಲವರು ನನಗೆ ಗೊತ್ತಿರುವಂತೆ ನೀನೊಬ್ಬಳೇ. ಬುಧವಾರ ಬಾ. ನನ್ನ ಕೆಲಸ ಹೋದರೆ ಹೋಗಲಿ. ಆ ಅಜ್ಜಿಗೆ ತಮ್ಮನ ಚಿತ್ರ ಸಿಕ್ಕರೆ ಸಾಕು. ನನ್ನ ಜೊತೆ ಮಾತಾಡಬೇಡ, ಕೆಲಸ ಮುಗಿಸಿ ಹೊರಟುಬಿಡು. ಕಾಲು ಹಿಡಿ ಅಂದರೂ ಹಿಡಿಯುತ್ತೇನೆ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ಮತ್ತೆ: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬೆಳಿಗ್ಗೆ ಅಜ್ಜಿಗೆ ಫೋನ್ ಮಾಡಿ, ಆ ಚಿತ್ರ ಕಳೆದುಹೋಗಿದೆ ಎಂದು ಸುಳ್ಳು ಹೇಳಿದೆ. ಆಕೆ, ಹೋಗ್ಲಿ ಬಿಡಮ್ಮ, ನೀನೇನ್ ಮಾಡ್ತೀಯ, ಅದು ಇದ್ದ ಜಾಗನಾದ್ರೂ ತೋರಿಸ್ತೀಯಾ, ಒಂದ್ಗಳಿಗೆ ಕೂತು ಹೋಗ್ತೀನಿ ಎಂದರು. ನಾನು ಹೂಂ, ಗುರುವಾರವೇ ಬನ್ನಿ ಎಂದುಬಿಟ್ಟೆ.