ಉಜ್ಜಿ ಸವೆದ ಸ್ಪ್ರಿಂಗಿಗೆ ಹಳೆಯ ಚೀಟಿ

ಪ್ರಾಯೋಗಿಕ ಪರೀಕ್ಷೆಗಳ ಉಸ್ತುವಾರಿ ಹೊತ್ತ ಮಾನ್ಯರೇ,

ಲೆಕ್ಕವನ್ನು ಹಿಂದುಮುಂದಾಗಿ ಮಾಡಿದವರಿಗೆಲ್ಲ ಪೂರ್ಣ ಅಂಕ ಕೊಟ್ಟು, ಕಂಡದ್ದನ್ನು ಬರೆದ ಒಬ್ಬಳಿಗೆ ತಪ್ಪೊಪ್ಪಿಗೆ ಬರೆದುಕೊಡು ಎಂದಿದ್ದೀರಿ. ಆ ಒಬ್ಬಳು ನನ್ನ ತಂಗಿಯ ಮೊಮ್ಮಗಳು ಮೇಘಶ್ರೀ. ಬಣಕಲ್‌ನ ನಮ್ಮ ಮನೆಯಲ್ಲಿದ್ದು ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅಳತೆಗಳನ್ನು ತಾನೇ ಕಲ್ಪಿಸಿ ಬರೆದೆನೆಂದು ಸೋಮವಾರದೊಳಗೆ ಸಹಿ ಹಾಕಿದರೆ ಪಾಸಾಗುವಷ್ಟು ಅಂಕವಂತೆ, ಇಲ್ಲವಾದರೆ ಸೊನ್ನೆಯಂತೆ. ನಿಮ್ಮ ಕಚೇರಿಯಲ್ಲಿ ಇದಕ್ಕೆ ಉದಾರತೆ ಎನ್ನುತ್ತಾರೆಂದು ಕೇಳಿದೆ.

ಪ್ರಯೋಗ ಸಣ್ಣದು. ಸ್ಪ್ರಿಂಗನ್ನು ನೇತುಹಾಕಿ, ಒಂದೊಂದೇ ತೂಕ ಸೇರಿಸಿ, ಅದು ಎಷ್ಟು ಕೆಳಗಿಳಿಯಿತೆಂದು ನೋಡಿ, ಅದರ ಬಿಗಿ ಎಷ್ಟೆಂದು ಲೆಕ್ಕ ಹಾಕುವುದು. ಡಬ್ಬದ ಮೇಲಿನ ಚೀಟಿಯಲ್ಲಿ ಮೂವತ್ತು ಎಂದಿದೆ. ಇವಳಿಗೆ ಇಪ್ಪತ್ತೈದು ಬಂತು. ಉಳಿದ ಮಕ್ಕಳು ಜಾಣರು. ಮೂವತ್ತು ಬರಬೇಕಾದರೆ ಎಷ್ಟು ಇಳಿದಿರಬೇಕೆಂದು ಮೊದಲೇ ಲೆಕ್ಕ ಹಾಕಿ, ಅನುಮಾನ ಬಾರದಂತೆ ಅಲ್ಲೊಂದು ಇಲ್ಲೊಂದು ಮಿಲಿಮೀಟರು ಆಚೀಚೆ ಮಾಡಿ ಬರೆದರು. ಕಲ್ಪಿಸಿ ಬರೆದವರು ಯಾರು ಸ್ವಾಮಿ?

ನಾನು ಹೈಸ್ಕೂಲು ದಾಟಿದವಳಲ್ಲ. ಈ ಹುಡುಗಿಯ ಪುಸ್ತಕಗಳನ್ನು ಓದಿಯೇ ನಾಲ್ಕಕ್ಷರ ವಿಜ್ಞಾನ ಕಲಿತೆ. ಆದ್ದರಿಂದ ನಿಮ್ಮ ಪರೀಕ್ಷಕರಿಗಿಂತ ಹೆಚ್ಚು ಪ್ರಶ್ನೆ ಕೇಳಿದೆ.

"ಕಣ್ಣು ಸ್ಕೇಲಿನ ಮುಳ್ಳಿನ ಮಟ್ಟಕ್ಕೇ ಇತ್ತೇನೆ?"

"ಇತ್ತು ಅಜ್ಜಿ. ಕುಕ್ಕುರುಗಾಲಲ್ಲಿ ಕೂತು ನೋಡ್ದೆ."

"ತೂಗಾಡ್ತಾ ಇರುವಾಗ್ಲೇ ಬರ್ಕೊಂಡ್ಯೋ ಏನೋ."

"ನಿಲ್ಲೋ ತನಕ ಕಾದೆ. ಗಾಳಿ ಅಂತ ಕಿಟಕಿನೂ ಹಾಕ್ದೆ. ಸೆಕೆ ಅಂತ ಪರೀಕ್ಷಕರು ಬೈದ್ರು."

"ತೂಕ ತೆಗೀವಾಗ?"

"ಆಗ್ಲೂ ಅದೇ ಅಂಕಿ. ನೀವೂ ಅವ್ರ ಕಡೆನಾ ಅಜ್ಜಿ?"

ಮರುದಿನ ಅವಳ ಜೊತೆ ಕಾಲೇಜಿಗೇ ಹೋದೆ. ಲ್ಯಾಬಿನ ಅಟೆಂಡರ್ ಶೇಷಪ್ಪ ಆ ಸ್ಪ್ರಿಂಗನ್ನು ಹೆಮ್ಮೆಯಿಂದಲೇ ತೋರಿಸಿದ. ಬೆಳ್ಳಿಯ ಹಾಗಿತ್ತು.

"ನಮ್ಮ ಮಳೆಗೆ ಇದು ಕೆಂಪಾಗದೆ ಇರ್ತದಾ ಅಮ್ಮಾ? ಪರೀಕ್ಷೆಗೆ ಹೊರಗಿನೋರು ಬರೂ ಮುಂಚೆ ಪ್ರತಿ ವರ್ಷ ಸ್ಯಾಂಡ್ ಪೇಪರ್ ಹಾಕಿ ತಿಕ್ತೇನೆ. ತುಕ್ಕು ಕಂಡ್ರೆ ಕಾಲೇಜಿನ ಮರ್ಯಾದೆ ಏನಾಗ್ಬೇಕು?"

ಅವನನ್ನು ದೂರಲಾರೆ. ನೆಂಟರು ಬರುವ ಮೊದಲು ಹಿತ್ತಾಳೆಯ ದೀಪದ ಕಂಬ ಉಜ್ಜುವ ಜನ ನಾವು. ಆದರೆ ದೀಪದ ಕಂಬ ಸವೆದರೂ ಬೆಳಕು ಅಷ್ಟೇ. ಸ್ಪ್ರಿಂಗು ಹಾಗಲ್ಲ. ಅದರ ತಂತಿಯ ದಪ್ಪ ನೂರಕ್ಕೆ ಐದು ಪಾಲು ಸವೆದರೆ ಬಿಗಿ ನೂರಕ್ಕೆ ಇಪ್ಪತ್ತರ ಹತ್ತಿರ ಇಳಿಯುತ್ತದೆಂದು ಇವಳು ಸೂತ್ರ ಬಿಡಿಸಿ ತೋರಿಸಿದಳು. ತುಕ್ಕು ಒಂದಿಷ್ಟು ತಿಂದಿತು, ಮರ್ಯಾದೆ ಒಂದಿಷ್ಟು ತಿಂದಿತು. ಚೀಟಿ ಮಾತ್ರ ಕೊಂಡ ದಿನದ್ದೇ ಇದೆ.

ಅಳತೆ ತಪ್ಪಲು ಏನೇನು ಕಾರಣವೆಂದು ನೀವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೀರಿ: ಕಣ್ಣಿನ ಓರೆ, ಗಾಳಿ, ತೂಗಾಟ. ಎಲ್ಲ ತಪ್ಪೂ ಅಳೆಯುವ ಮಗುವಿನದೇ. ಡಬ್ಬದ ಮೇಲಿನ ಚೀಟಿ ತಪ್ಪಿರಬಹುದೆಂದು ಯಾಕೆ ಕಲಿಸಲಿಲ್ಲ? ಕಲಿಸಿದರೆ ಮೊದಲು ಅಳೆಯಬೇಕಾದವರು ಯಾರೆಂಬ ಪ್ರಶ್ನೆ ಏಳುತ್ತದೆಂದೇ?

ನಿನ್ನೆ ಸಂಜೆ ಹುಡುಗಿ ನೀವು ಕಳಿಸಿದ ಕಾಗದದ ಮುಂದೆ ಪೆನ್ನು ಹಿಡಿದು ಕೂತಿದ್ದಳು. "ಹಾಕಿಬಿಡ್ಲಾ ಅಜ್ಜಿ? ಸಾಕಾಯ್ತು," ಎಂದಳು. ಹಾಕು ಎನ್ನಲು ನನ್ನಿಂದ ಆಗಲಿಲ್ಲ. ಹಾಕಬೇಡ ಎಂದರೆ ಸೊನ್ನೆ ಬರುವುದು ನನಗಲ್ಲವಲ್ಲ. ಪೆನ್ನು ತೆಗೆದಿಟ್ಟು ಈ ಪತ್ರ ಬರೆಯಲು ಕೂತೆ.

ನಮಗೆ ಕನಿಕರ ಬೇಡ. ಸೋಮವಾರಕ್ಕೆ ಮೊದಲು ನೀವೇ ಬನ್ನಿ. ಎಲ್ಲರ ಎದುರು ಅದೇ ಸ್ಪ್ರಿಂಗನ್ನು ನೇತುಹಾಕಿ, ತೂಕ ಏರಿಸುತ್ತಲೂ ಇಳಿಸುತ್ತಲೂ ಅಳೆಯಿರಿ. ಮೂವತ್ತು ಬಂದರೆ ಸಹಿ ಹಾಕೆಂದು ನಾನೇ ಅವಳಿಗೆ ಹೇಳುತ್ತೇನೆ. ಇಪ್ಪತ್ತೈದು ಬಂದರೆ ಚೀಟಿಯನ್ನು ತಿದ್ದಿ, ಅವಳ ಅಂಕ ಅವಳಿಗೆ ಕೊಡಿ. ಶೇಷಪ್ಪನಿಗೆ ನೋಟಿಸು ಕೊಟ್ಟು ಕೈತೊಳೆದುಕೊಳ್ಳಬೇಡಿ.

ಇನ್ನೊಂದು ಮಾತು. ನೀವು ಬರುತ್ತೀರೆಂದು ತಿಳಿದರೆ ಅವನು ಮತ್ತೆ ಉಜ್ಜಲು ಕೂರುತ್ತಾನೆ. ದಯವಿಟ್ಟು ಹೇಳದೆ ಬನ್ನಿ.

ಇಂತಿ,
ನಿಮ್ಮ ಚೀಟಿಗೆ ಹೊಂದದ ಇನ್ನೊಬ್ಬಳು,
ಗಿರಿಜಾಂಬಾ, ಬಣಕಲ್